ಮೇಲಿರೋನಿಗೆ ಮಂಡಿನೋವು

ದೇವರ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ. ಒಂದೇ ಬೀದಿಯಲ್ಲಿ ವರ್ಷಗಟ್ಟಲೆ ವಾಸವಿದ್ದೂ ಮಾತಾಡಿಸದೆ ಹೋಗುವ ಇಬ್ಬರು ಮರ್ಯಾದಸ್ಥರ ಹಾಗೆ ಅವರಿಬ್ಬರೂ ಇದ್ದರು. ಇವನು ಅವನ ತಂಟೆಗೆ ಹೋಗುತ್ತಿರಲಿಲ್ಲ. ಅವನೂ ಇವನ ತಂಟೆಗೆ ಬರುತ್ತಿರಲಿಲ್ಲ. (ತಲೆಗೂದಲಿನ ವಿಷಯವೊಂದನ್ನು ಬಿಟ್ಟರೆ.) ಆದರೆ ಮಗಳನ್ನು ಶಿಶುವಿಹಾರಕ್ಕೆ ಸೇರಿಸಿದ ಮೇಲೆ ದೇವರು ಗೆರೆ ದಾಟಿದ. ಹೇಳದೆ ಕೇಳದೆ ಮನೆಯೊಳಗೆ ಬಂದು ಇವನ ಕೆಲಸವನ್ನೇ ಕಿತ್ತುಕೊಂಡ.

ಕೆಲಸವೆಂದರೆ ಸಂಬಳದ ಕೆಲಸವಲ್ಲ. ಸಂಬಳಕ್ಕೆ ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಕಿಟಕಿಯಿಲ್ಲದ ಕತ್ತಲೆ ಕೋಣೆ, ಗೋಡೆಯ ಮೇಲೆ ಬೆಳಕಿನ ಹಲಗೆ, ಅದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋಗುವ ಅಕ್ಷರಗಳು. ಎದುರು ಕೂತವರ ಮೂಗಿನ ಮೇಲೆ ಗಾಜು ಬದಲಿಸುತ್ತ, ‘ಈಗ ಚೆನ್ನಾಗಿ ಕಾಣುತ್ತಾ, ಮೊದಲು ಚೆನ್ನಾಗಿತ್ತಾ?’ ಎಂದು ಕೇಳುವುದೇ ಅವನ ಬಾಳು. ದಿನವಿಡೀ ಕೇಳುವವನು ಅವನು, ಹೇಳುವವರು ಬೇರೆಯವರು. ಅವನನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಅಂಗಡಿಯ ಯಜಮಾನರು ಪರದೆ ಸರಿಸಿ, ‘ಇನ್ನೂ ಆಗ್ಲಿಲ್ವೇನ್ರೀ?’ ಎನ್ನುವುದನ್ನು ಪ್ರಶ್ನೆಯೆಂದು ಹಿಡಿದರೆ ಅದೊಂದು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಇವನ ಕೆಲಸ ಮುಗಿಯುವ ಹೊತ್ತಿಗೆ ಅವಳ ಪಾಳಿ ಶುರು. ಹಾಗಾಗಿ ಅವರ ದಾಂಪತ್ಯವೆಲ್ಲ ನಡೆಯುತ್ತಿದ್ದದ್ದು ಹೊಸ್ತಿಲಲ್ಲಿ. ಇವನು ಚಪ್ಪಲಿ ಬಿಡುತ್ತಿರುವಾಗ ಅವಳು ಹಾಕಿಕೊಳ್ಳುತ್ತಿರುತ್ತಿದ್ದಳು. ಪ್ರೀತಿ, ಜಗಳ, ಬೀಗದಕೈ, ಹಾಲು ಕಾಯಿಸಿದ್ದರ ವರದಿ, ಎಲ್ಲವೂ ಒಂದು ಜೋಡಿ ಚಪ್ಪಲಿ ಕಳಚಿ ಇನ್ನೊಂದು ಜೋಡಿ ಏರುವಷ್ಟರಲ್ಲಿ ಮುಗಿಯಬೇಕು. ಆಮೇಲೆ ಅವಳ ಹೆಜ್ಜೆ ಬೀದಿಯ ತಿರುವಿನಲ್ಲಿ ಕರಗುತ್ತಿತ್ತು. ಅವಳ ಸೋಪಿನ ವಾಸನೆ ಮಾತ್ರ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು, ತಾನೂ ಹೊರಟುಹೋಗುತ್ತಿತ್ತು.

ಉಳಿಯುತ್ತಿದ್ದವಳು ಮಗಳು. ಮಾತು ಬಂದ ದಿನದಿಂದ ಅವಳ ಬಾಯಲ್ಲಿದ್ದದ್ದು ಒಂದೇ ಪದ: ಯಾಕೆ. ಇರುವೆ ಸಾಲಾಗಿ ಹೋಗುವುದು ಯಾಕೆ, ನೆರಳಿಗೆ ಮೂಗಿಲ್ಲ ಯಾಕೆ, ನಿನ್ನೆ ವಾಪಸ್ಸು ಬರಲ್ಲ ಯಾಕೆ. ಅವನೇ ಅವಳಿಗೆ ‘ಯಾಕಮ್ಮ’ ಎಂದು ಹೆಸರಿಟ್ಟ. ಅವಳ ಎದುರು ಅವನು ಸಕಲ ವಿದ್ಯಾಪಾರಂಗತ, ಭೂಗೋಳ ಖಗೋಳಗಳ ಏಕೈಕ ವಿತರಕ. ಕೇಳಿದ್ದು ಗೊತ್ತಿಲ್ಲದಿದ್ದರೆ ಮರುದಿನ ಅಂಗಡಿಯಲ್ಲಿ ಬಿಡುವಿದ್ದಾಗ ಮೊಬೈಲಿನಲ್ಲಿ ಓದಿಕೊಂಡು ಬರುತ್ತಿದ್ದ. ಒಂದು ‘ಯಾಕೆ’ಗೆ ಇತಿಹಾಸ ಸಮೇತ, ಉಪಮಾನ ಸಮೇತ, ಚಮಚ ಲೋಟಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸುವ ಪ್ರಾತ್ಯಕ್ಷಿಕೆ ಸಮೇತ ಉತ್ತರ ಕೊಡುತ್ತಿದ್ದ. ಆ ಹೊತ್ತಿನಲ್ಲಿ ಲೋಕದಲ್ಲಿ ತಾನೂ ಒಬ್ಬ ಬೇಕಾದವನು ಎಂದು ಅವನಿಗೆ ಅನಿಸುತ್ತಿತ್ತು.

ಅಂಥದ್ದರಲ್ಲಿ ಒಂದು ಸಂಜೆ ಮಗಳು ತಾನೇ ಬಂದು ಹೇಳಿದಳು:

“ಅಪ್ಪಾ, ಆಕಾಶ ಯಾಕೆ ನೀಲಿ ಗೊತ್ತಾ?”

ಅವನು ಹಿಗ್ಗಿಹೋದ. ಈ ಪ್ರಶ್ನೆಗೆಂದೇ ಅವನು ಬಹಳ ಹಿಂದೆಯೇ ತಯಾರಾಗಿದ್ದ. ಗಂಟಲು ಸರಿಮಾಡಿಕೊಂಡು, “ನೋಡು ಕಂದ, ಸೂರ್ಯನ ಬೆಳಕು ಬೆಳ್ಳಗೆ ಕಾಣುತ್ತಲ್ಲ, ಅದರೊಳಗೆ...”

“ಅದೆಲ್ಲ ಬೇಡ. ಬೇರೆ ಬಣ್ಣ ಖಾಲಿ ಆಗಿತ್ತಂತೆ.”

“ಯಾರು ಹೇಳಿದ್ದು?”

“ಮೇಲಿರೋನು,” ಎಂದು ಅವಳು ಬೆರಳನ್ನು ಛಾವಣಿಯತ್ತ ಎತ್ತಿದಳು. “ಟೀಚರ್ ಹೇಳ್ಕೊಟ್ಟಿದ್ದಾರೆ. ಮೇಲಿರೋನು ಎಲ್ಲಾ ನೋಡ್ತಾ ಇರ್ತಾನಂತೆ. ಏನು ಬೇಕಿದ್ರೂ ಅವನನ್ನೇ ಕೇಳಬೇಕಂತೆ.”

ಬೆಳಕಿನ ಏಳು ಬಣ್ಣಗಳೂ ಅವನ ಗಂಟಲಲ್ಲೇ ಸಿಕ್ಕಿಕೊಂಡವು.

ಮೊದಮೊದಲು ಅವನು ದೊಡ್ಡ ಮನಸ್ಸು ಮಾಡಿದ. ಮಕ್ಕಳು, ಟೀಚರು, ಕಣ್ಣುಮುಚ್ಚಿ ಕೈಮುಗಿಯುವುದು, ಇರಲಿ. ಆದರೆ ದಿನ ಕಳೆದಂತೆ ಶಿಶುವಿಹಾರದವರು ಹೇಳಿಕೊಡುತ್ತಿದ್ದ ದೈವಶಾಸ್ತ್ರ ಎಲ್ಲೂ ಇಲ್ಲದ ದಿಕ್ಕಿಗೆ ತಿರುಗತೊಡಗಿತು. ಮೇಲಿರೋನಿಗೆ ಮಂಡಿನೋವು ಅಂತೆ, ಅದಕ್ಕೇ ಕೆಳಗೆ ಇಳಿಯಲ್ಲವಂತೆ. ಮೇಲಿರೋನಿಗೆ ಕಿವಿ ಮಂದವಂತೆ, ಕೇಳಿಕೊಳ್ಳುವುದನ್ನು ಕಿರುಚಿ ಕೇಳಿಕೊಳ್ಳಬೇಕಂತೆ. ಮಧ್ಯಾಹ್ನ ಊಟ ಆದ ಮೇಲೆ ಅವನು ಸ್ವಲ್ಪ ಮಲಗುತ್ತಾನಂತೆ, ಆಗ ಪ್ರಾರ್ಥನೆ ಮಾಡಿದರೆ ಬೈಯುತ್ತಾನಂತೆ. ಅವನು ನೀಲಿ ಪಟ್ಟೆಯ ಪೈಜಾಮ ಹಾಕುತ್ತಾನಂತೆ. ಒಮ್ಮೆ ಕೈತಪ್ಪಿ ಎಲ್ಲೋ ಮೇಲೆ ಹೋಗಿ ಸಿಕ್ಕಿದ್ದ ಕೆಂಪು ಚೆಂಡನ್ನು ಅವನು ಹಗ್ಗ ಕಟ್ಟಿ ಇಳಿಸಿಕೊಟ್ಟನಂತೆ. (ಚೆಂಡು ಕಳೆದದ್ದೂ ನಿಜ, ಸಿಕ್ಕಿದ್ದೂ ನಿಜ. ಹೊಸದು ತರಬೇಕೆಂದಿದ್ದ ಅವನಿಗೆ ಅದೂ ತಪ್ಪಿತು.)

ಹೊಸ್ತಿಲಲ್ಲಿ ಹೆಂಡತಿಯನ್ನು ಹಿಡಿದು ನಿಲ್ಲಿಸಿದ.

“ಏನೇ ಇದು? ಇವಳು ಮೂರು ಹೊತ್ತೂ ಮೇಲಿರೋನು ಮೇಲಿರೋನು ಅಂತಾಳೆ. ನಿನಗೇನೂ ಅನಿಸಲ್ವಾ?”

“ಅನಿಸೋದೇನು? ನಾನು ಪಾತ್ರೆ ತೊಳೀತಿರ್ತೀನಿ, ಅವಳು ಹಿತ್ತಲಲ್ಲಿ ಆಡ್ತಿರ್ತಾಳೆ. ಮೇಲಿರೋರು ನೋಡ್ಕೋತಾರೆ ಬಿಡ್ರಿ.”

“ನೀನೂ ಹೀಗೆ ಹೇಳ್ತೀಯಾ? ಓದಿದೋಳು, ನರ್ಸು!”

“ನರ್ಸಾದ್ರೆ? ನಂಗೂ ಎರಡೇ ಕಣ್ಣಿರೋದು. ಅವರಿದ್ದಾರೆ ಅಂತ ನಂಗೆ ಎಷ್ಟು ಧೈರ್ಯ ಗೊತ್ತಾ? ನೀವೂ ಒಂದಿನ ಕೃತಜ್ಞತೆ ಹೇಳಿ, ಬಾಯಿ ಸವೆದು ಹೋಗಲ್ಲ. ಸರೀರಿ, ಬಸ್ಸು ಬಂತು.”

ಸೋಪಿನ ವಾಸನೆ ಉಳಿಯಿತು. ಅವನು ಒಂದು ಕಾಲಿನ ಚಪ್ಪಲಿಯಲ್ಲಿ ನಿಂತು ಯೋಚಿಸಿದ. ಇಷ್ಟು ವರ್ಷ ಇಲ್ಲದ ಭಕ್ತಿ ಇವಳಿಗೆ ಯಾವಾಗ ಬಂತು? ಎಷ್ಟು ದಿನವಾಯಿತು ತಾವಿಬ್ಬರೂ ಕೂತು ಮಾತಾಡಿ? ಹೆಂಡತಿಯೊಬ್ಬಳು ಆಸ್ತಿಕಳಾದರೂ ಗೊತ್ತಾಗದಷ್ಟು ದಿನ ಆಗಿಬಿಟ್ಟಿತೇ?

ಇನ್ನು ಬಟ್ಟಲಿನ ಪ್ರಕರಣ. ಅದನ್ನು ಹೇಳದೆ ವಿಧಿಯಿಲ್ಲ. ಹೆಂಡತಿಗೆ ಅವಳ ಗೆಳತಿ ಕೊಟ್ಟಿದ್ದ ಹೂವಿನ ಚಿತ್ರದ ಪಿಂಗಾಣಿ ಬಟ್ಟಲು, ನೆರಳಿಗೆ ಮೂಗಿಲ್ಲದ ಕಾರಣವನ್ನು ತೋರಿಸಿಕೊಡುವ ಭರದಲ್ಲಿ, ಅವನ ಕೈಯಿಂದ ಜಾರಿ ಚೂರಾಯಿತು. ಅವನು ಚೂರುಗಳನ್ನು ಹಳೇ ಕಾಗದದಲ್ಲಿ ಸುತ್ತಿ, ಹಿತ್ತಲಿನ ಕಸದ ಡಬ್ಬಿಯ ತಳಕ್ಕೆ ತಳ್ಳಿ, ಮೇಲೆ ತರಕಾರಿ ಸಿಪ್ಪೆ ಹರಡಿ ಬಂದ. ಮಗಳಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಗಂಭೀರವಾಗಿ ತಲೆಯಾಡಿಸಿ, “ನಾನು ಹೇಳಲ್ಲಪ್ಪ. ಆದ್ರೆ ಮೇಲಿರೋನು ನೋಡಿಬಿಟ್ಟ,” ಎಂದಳು.

ಮರುದಿನ ಹೊಸ್ತಿಲಲ್ಲಿ ಹೆಂಡತಿಯ ಮೊದಲ ಮಾತೇ, “ನನ್ನ ಬಟ್ಟಲು ಒಡೆದು ಸಿಪ್ಪೆ ಕೆಳಗೆ ಮುಚ್ಚಿಟ್ರಂತಲ್ಲ?”

“ಯಾ... ಯಾರು ಹೇಳಿದ್ರು?”

“ಮೇಲಿರೋರು.”

ಅವನ ನಾಸ್ತಿಕತೆಗೆ ಬಿರುಕು ಬಿದ್ದದ್ದು ಆಗಲೇ. ಮಗಳು ಚಾಡಿ ಹೇಳಿರಬೇಕೆಂದು ಕೇಳಿದರೆ ಅವಳ ಮುಖದಲ್ಲಿ ಸುಳ್ಳಿನ ಸುಳಿವೂ ಇಲ್ಲ. ಅಂದಿನಿಂದ ಅವನು ಸಕ್ಕರೆ ಡಬ್ಬಿಗೆ ಕೈಹಾಕುವಾಗಲೂ ಒಮ್ಮೆ ಛಾವಣಿ ನೋಡುವಂತಾಯಿತು.

ಹೆದರಿಕೆಯನ್ನಾದರೂ ಸಹಿಸಬಹುದು. ಸಹಿಸಲಾಗದೇ ಹೋದದ್ದು ಸಂಜೆಗಳು. ಮಗಳು ಈಗ ಅವನನ್ನು ಏನೂ ಕೇಳುತ್ತಿರಲಿಲ್ಲ. ನೆಲದ ಮೇಲೆ ಅವನಿಗೆ ಬೆನ್ನು ಮಾಡಿ ಕೂತು, ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಏರಿಸಿ, ತನ್ನಷ್ಟಕ್ಕೆ ಗುನುಗಿಕೊಳ್ಳುತ್ತಿದ್ದಳು. ಅವಳ ಕತ್ತಿನ ಹಿಂದೆ ಜಡೆಗೆ ಸಿಗದೆ ಉಳಿದ ಒಂದಿಷ್ಟು ಕೂದಲು ಫ್ಯಾನಿನ ಗಾಳಿಗೆ ಆಡುತ್ತಿತ್ತು. ಅವನು ಅದನ್ನೇ ನೋಡುತ್ತ ಕೂರುತ್ತಿದ್ದ. ಮಹಡಿಯ ಮನೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಕೊಳಾಯಿ ತೊಟ್ಟಿಕ್ಕುತ್ತಿತ್ತು. ಕತ್ತಲೆ ಕೋಣೆಯಲ್ಲಿ ದಿನವೆಲ್ಲ ಪರರ ಕಣ್ಣೊಳಗೆ ಇಣುಕಿ ಬಂದವನಿಗೆ, ಈ ಬೆಳಕಿನ ಕೋಣೆಯಲ್ಲಿ ತನ್ನ ಕಡೆ ತಿರುಗಿ ನೋಡುವ ಎರಡು ಕಣ್ಣು ಸಿಕ್ಕಿದ್ದರೆ ಸಾಕಿತ್ತು.

ಒಂದು ದಿನ ತಡೆಯಲಾರದೆ ತಾನೇ ಶುರುಮಾಡಿದ.

“ಮೀನು ಕಣ್ಣು ಮುಚ್ಚದೇ ನಿದ್ದೆ ಮಾಡುತ್ತೆ ಗೊತ್ತಾ?”

“ಹೂಂ.”

“ಯಾಕೆ ಅಂತ ಕೇಳೇ.”

“ಬೇಡಪ್ಪ.”

“ಒಂದೇ ಸಲ ಕೇಳು ಪುಟ್ಟ. ಚಿಕ್ಕ ಉತ್ತರ ಇದೆ.”

ಅವಳು ಡಬ್ಬಿಯಿಂದ ಕೈತೆಗೆಯದೆ ನಿಟ್ಟುಸಿರು ಬಿಟ್ಟಳು. ನಾಲ್ಕು ವರ್ಷದ ಮಗುವಿನಿಂದ ಅಂಥ ನಿಟ್ಟುಸಿರನ್ನು ಅವನು ನಿರೀಕ್ಷಿಸಿರಲಿಲ್ಲ. ಅದು ಅಂಗಡಿಯ ಯಜಮಾನರ ನಿಟ್ಟುಸಿರಿನ ಹಾಗೇ ಇತ್ತು.

ಅಷ್ಟಕ್ಕೆ ಅವನು ನಿರ್ಧರಿಸಿದ. ಇದು ಧರ್ಮಯುದ್ಧ. ಅಂಗಡಿಯ ವಾರದ ರಜೆಯ ದಿನ, ಹೆಂಡತಿಯನ್ನು ಮನೆಯಲ್ಲೇ ಇರಲು ಹೇಳಿ, ಮಗಳನ್ನು ಕರೆತರುವ ನೆಪದಲ್ಲಿ ತಾನೇ ಶಿಶುವಿಹಾರಕ್ಕೆ ಹೋದ. ದಾರಿಯುದ್ದಕ್ಕೂ ಭಾಷಣ ಸಿದ್ಧಪಡಿಸಿದ. ‘ಮಗುವಿನ ಮುಗ್ಧ ಮನಸ್ಸು’ ಎಂದು ಆರಂಭ, ‘ಇದಕ್ಕೆ ಯಾರು ಹೊಣೆ’ ಎಂದು ಮುಕ್ತಾಯ.

ಟೀಚರಮ್ಮ ಒಂದು ಮಗುವಿನ ಮೂಗು ಒರೆಸುತ್ತ, ಇನ್ನೊಂದರ ಕಾಲಿಗೆ ಕಾಲುಚೀಲ ಏರಿಸುತ್ತ, “ಕೂತ್ಕೊಳ್ಳಿ ಸರ್,” ಎಂದರು. ಕೂರಲು ಇದ್ದದ್ದು ಮಕ್ಕಳ ಕುರ್ಚಿಗಳು. ಕೂತಮೇಲೆ ಅವನ ಮಂಡಿಗಳು ಕಿವಿಯ ಮಟ್ಟಕ್ಕೆ ಬಂದವು. ಆ ಭಂಗಿಯಲ್ಲಿ ಯಾರೂ ಧರ್ಮಯುದ್ಧ ಹೂಡಿದ್ದು ಚರಿತ್ರೆಯಲ್ಲಿಲ್ಲ.

“ಟೀಚರ್, ನೀವು ಮಂಡಿನೋವಿನ ವಿಷಯ ಮಕ್ಕಳಿಗೆ ಹೇಳಿಕೊಡೋದು ಸರಿಯಲ್ಲ.”

“ಅಯ್ಯೋ, ಮಂಡಿನೋವಾ ಸರ್? ಬೇರೆ ಕುರ್ಚಿ ತರಿಸ್ಲಾ?”

“ನನಗಲ್ಲ! ದೇವರಿಗೆ!”

ಟೀಚರಮ್ಮನ ಕೈಯಲ್ಲಿದ್ದ ಕಾಲುಚೀಲ ಕೆಳಗೆ ಬಿತ್ತು. “ದೇವರಿಗೆ?”

“ಕಿವಿ ಬೇರೆ ಕೇಳಿಸಲ್ವಂತೆ. ನೀಲಿ ಪಟ್ಟೆ ಪೈಜಾಮ ಅಂತೆ. ಊಟ ಆದ್ಮೇಲೆ ನಿದ್ದೆ ಅಂತೆ. ನಿಮ್ಮ ನಂಬಿಕೆ ನಿಮಗಿರಲಿ ಟೀಚರ್, ನಾನು ಬೇಡ ಅನ್ನಲ್ಲ. ಆದ್ರೆ ಆಕಾಶ ನೀಲಿ ಇರೋದು ಬೇರೆ ಬಣ್ಣ ಖಾಲಿ ಆಗಿ ಅಂತ ಹೇಳೋದಾ? ಮನೆಯಲ್ಲಿ ಅಪ್ಪ ಅಂತ ಒಬ್ಬ ಇದ್ದಾನೆ, ಅವನನ್ನೂ ಒಂದು ಮಾತು ಕೇಳು ಅಂತ ಹೇಳ್ಬಾರ್ದಾ?”

ಕೊನೆಯ ವಾಕ್ಯ ಭಾಷಣದಲ್ಲಿ ಇರಲಿಲ್ಲ. ಅದು ಹೇಗೆ ಬಾಯಿಂದ ಬಂತೋ, ಬಂದಾಗ ಅವನ ದನಿ ಸ್ವಲ್ಪ ಒಡೆಯಿತು. ಮೂಗು ಒರೆಸಿಕೊಂಡ ಮಗು ಅವನನ್ನು ಕರುಣೆಯಿಂದ ನೋಡಿ, ತನ್ನ ಕೈಯಲ್ಲಿದ್ದ ಅರ್ಧ ಬಿಸ್ಕತ್ತನ್ನು ಅವನ ಮುಂದೆ ಚಾಚಿತು.

“ಸರ್,” ಎಂದರು ಟೀಚರಮ್ಮ ಮೆತ್ತಗೆ, “ಇವೆಲ್ಲ ನಂಗೇ ಗೊತ್ತಿಲ್ಲ. ನಾನು ಹೇಳಿದ್ದು ಒಂದೇ ಮಾತು. ಒಬ್ಬರ ಪೆನ್ಸಿಲ್ ಇನ್ನೊಬ್ಬರು ಕದೀತಿದ್ರು. ಅದಕ್ಕೇ, ಮೇಲಿರೋನು ನೋಡ್ತಾ ಇರ್ತಾನೆ, ಬೇಕಾದ್ರೆ ಅವನನ್ನ ಕೇಳಿ, ಕದೀಬೇಡಿ ಅಂದೆ. ನಿಮ್ಮ ಮಗಳು ಕೈಯೆತ್ತಿ, ‘ಟೀಚರ್, ನಮ್ಮನೆ ಮೇಲೂ ಇದ್ದಾನೆ, ನಂಗೊತ್ತು, ದಿನಾ ಕೆಮ್ತಾನೆ’ ಅಂದ್ಲು. ಮಕ್ಕಳಲ್ವಾ, ನಾನೂ ನಕ್ಕು ಸುಮ್ನಾದೆ.”

ಕೆಮ್ಮು.

ಮಹಡಿಯ ಮನೆ! ಅದರ ಮೆಟ್ಟಿಲು ಕಟ್ಟಡದ ಇನ್ನೊಂದು ಮಗ್ಗುಲಿಗೆ, ಗೇಟೂ ಬೇರೆ. ಅಲ್ಲಿ ಯಾರೋ ಒಬ್ಬ ಮುದುಕರಿದ್ದಾರೆಂದು ಅವನಿಗೆ ಗೊತ್ತಿತ್ತೇ ಹೊರತು ಮುಖ ನೋಡಿರಲಿಲ್ಲ. ಅವರ ಬಾಲ್ಕನಿ ಇರುವುದು ಸರಿಯಾಗಿ ಇವರ ಹಿತ್ತಲಿನ ಮೇಲೆ, ಕಸದ ಡಬ್ಬಿಗೆ ನೇರವಾಗಿ. ‘ಮೇಲಿರೋರು ನೋಡ್ಕೋತಾರೆ’ ಎಂದ ಹೆಂಡತಿ ನಿಜವನ್ನೇ, ಅಕ್ಷರಶಃ ನಿಜವನ್ನೇ ಹೇಳಿದ್ದಳು.

ಕುರ್ಚಿಯೂ ಅವನ ಜೊತೆ ಎದ್ದಿತು. ಟೀಚರಮ್ಮ ಹಿಂದಿನಿಂದ ಎಳೆದು ಬಿಡಿಸಿಕೊಟ್ಟರು.

ನಾಚಿಕೆಯಾಗಬೇಕಿತ್ತು, ಆದದ್ದು ಸಿಟ್ಟು. ಸಾಕ್ಷಾತ್ ದೇವರೇ ತನ್ನ ಜಾಗ ಕಿತ್ತುಕೊಂಡಿದ್ದರೆ ಮಾತು ಬೇರೆ, ಅವನು ದೊಡ್ಡವನು. ಪಟ್ಟೆ ಪೈಜಾಮದ ಬಾಡಿಗೆದಾರನೊಬ್ಬ ಕಿತ್ತುಕೊಳ್ಳುವುದೆಂದರೆ! ಮನೆ ತಲುಪಿ, ಮಗಳು ಹಿತ್ತಲಿಗೆ ಓಡಿದ ಕೂಡಲೇ, ಬಟ್ಟೆ ಒಣಹಾಕುತ್ತಿದ್ದ ಹೆಂಡತಿಗೆ, “ನಾನು ಮೇಲೆ ಹೋಗಿ ಬರ್ತೀನಿ,” ಎಂದ.

“ಅಂತೂ ಬುದ್ಧಿ ಬಂತು. ಹೋಗ್ಬನ್ನಿ, ಬಟ್ಟಲಿನ ವಿಷಯಕ್ಕೆ ಜಗಳ ಆಡ್ಬೇಡಿ.”

ಅವನು ಸುತ್ತಿ ಹೋಗಿ, ಇನ್ನೊಂದು ಗೇಟು ತೆಗೆದು, ಮೆಟ್ಟಿಲು ಹತ್ತಿ, ಬಾಗಿಲು ಬಡಿದ. ಬಹಳ ಹೊತ್ತು ಬಡಿದ. ರೂಢಿಯ ಬಲದಿಂದ “ಸ್ವಾಮೀ, ಸ್ವಾಮೀ!” ಎಂದು ಕೂಗಿದವನು, ತನ್ನ ಮಾತು ತನಗೇ ಕೇಳಿಸಿ ನಾಲಗೆ ಕಚ್ಚಿಕೊಂಡ.

ಬಾಗಿಲು ತೆರೆಯಿತು. ನೀಲಿ ಪಟ್ಟೆ ಪೈಜಾಮ. ಒಂದು ಕೈ ಮಂಡಿಯ ಮೇಲೆ.

“ಓಹೋ, ಕೆಳಗಿನೋರು! ಬನ್ನಿ ಬನ್ನಿ. ಕಾಯ್ತಾನೇ ಇದ್ದೆ.” ಮುದುಕರು ಅವನ ತೋಳು ಹಿಡಿದು ಬಾಲ್ಕನಿಗೆ ಎಳೆದೊಯ್ದರು. ಅಲ್ಲಿ ಎರಡು ಬೆತ್ತದ ಕುರ್ಚಿಗಳಿದ್ದವು. ಒಂದರ ಬೆತ್ತ ಕೂತು ಕೂತು ಕುಳಿ ಬಿದ್ದಿತ್ತು. ಇನ್ನೊಂದು ಹೊಸದರ ಹಾಗಿತ್ತು.

“ನೋಡಿ, ನನ್ನ ಮಗಳು ನಿಮ್ಮನ್ನ ದೇವರು ಅಂದ್ಕೊಂಡಿದ್ದಾಳೆ.”

“ಆಂ?”

“ದೇವರು! ದೇವರು!”

“ಬೆವರಾ? ಹೂಂ, ಈ ಹೊತ್ತಲ್ಲಿ ಸೆಕೆ ಜಾಸ್ತಿ. ಕೂತ್ಕೊಳ್ಳಿ, ಫ್ಯಾನು ಈ ಕಡೆ ತಿರುಗಿಸ್ತೀನಿ.” ಫ್ಯಾನು ತಿರುಗಿಸಿ, ತಮ್ಮ ಕುಳಿಯಲ್ಲಿ ಕೂತು ಮಂಡಿ ನೀವಿಕೊಂಡರು. “ಹಡಗಿನ ಬಂದರಿನಲ್ಲಿ ಕ್ರೇನು ನಡೆಸ್ತಿದ್ದೋನು ನಾನು. ಜೀವಮಾನ ಪೂರ್ತಿ ಮೇಲೇ. ಕೆಳಗಿನ ಕೂಲಿಯೋರೆಲ್ಲ ‘ಮೇಲಿರೋನೇ, ಇಳಿಸೋ’ ಅಂತ ಕೂಗೋರು. ನಿಮ್ಮ ಮಗಳೂ ಹಾಗೇ ಕರೀತಾಳೆ. ಬಹಳ ವರ್ಷದ ಮೇಲೆ ಕೇಳಿದೆ ನೋಡಿ. ಖುಷಿ ಆಯ್ತು.”

“ಅವಳು ಮೊದ್ಲು ಎಲ್ಲಾ ನನ್ನನ್ನೇ ಕೇಳ್ತಿದ್ಲು!” ಎಂದು ಅವನು ಕೂಗಿದ. “ನೀವು ಬಂದ್ಮೇಲೆ ನಿಂತೋಯ್ತು!”

ಇದು ಅವರಿಗೆ ಕೇಳಿಸಿತು. “ನನ್ನಿಂದಲ್ಲ ಮಾರಾಯ್ರೇ. ನೀವು ಒಂದು ಕೇಳಿದ್ರೆ ಹತ್ತು ಹೇಳ್ತೀರಂತೆ. ಲೋಟ ಚಮಚ ಎಲ್ಲಾ ಜೋಡಿಸ್ತೀರಂತೆ. ಅಷ್ಟು ಹೊತ್ತಿಗೆ ಆಟದ ಹೊತ್ತು ಮುಗಿದೋಗುತ್ತಂತೆ. ಅದಕ್ಕೇ ಅವಳು ಕೇಳೋದೇ ಬಿಟ್ಟಿದ್ದು.” ಮುದುಕರು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಬೇರೆ ಬೇರೆ ಏನೇನೋ ಕೇಳ್ತಾಳೆ. ರೆಕ್ಕೆ ಕೇಳಿದ್ಲು, ಸ್ಟಾಕಿಲ್ಲ ಅಂದೆ. ಆದ್ರೆ ಒಂದು ಮಾತ್ರ ಬಿಡದೇ ದಿನಾ ಕೇಳ್ತಾಳೆ. ಹಿತ್ತಲಲ್ಲಿ ನಿಂತು, ಕಣ್ಣುಮುಚ್ಚಿ, ಕೈಮುಗಿದು.”

“ಏನು?”

“‘ನಮ್ಮಪ್ಪನಿಗೆ ಒಬ್ಬ ಫ್ರೆಂಡ್ ಕೊಡು. ಅವರಿಗೆ ಮಾತಾಡೋಕೆ ನಾನೊಬ್ಬಳೇ ಇರೋದು, ನನಗೆ ಸುಸ್ತಾಗುತ್ತೆ’ ಅಂತ.”

ಕೆಳಗೆ ಹೆಂಡತಿ ಒದ್ದೆ ಬಟ್ಟೆ ಕೊಡವಿದ ಸದ್ದಾಯಿತು. ಅವನು ಬಾಲ್ಕನಿಯ ಕಂಬಿ ಹಿಡಿದು ಕೂತ. ಮೇಲಿನಿಂದ ಅವನು ತನ್ನ ಹಿತ್ತಲನ್ನು ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕದು! ಒಂದು ಹಗ್ಗ, ಒಂದು ಡಬ್ಬಿ, ಬಟ್ಟೆಗಳ ನಡುವೆ ಓಡಾಡುವ ಎರಡು ಜಡೆ.

“ಹೌದೇನ್ರೀ?” ಎಂದರು ಮುದುಕರು. “ನಿಮಗೆ ಸ್ನೇಹಿತರು ಯಾರೂ ಇಲ್ವಾ?”

“ಇದ್ದಾರೆ,” ಎಂದ ಅವನು.

“ಆಂ? ಕೇಳಿಸ್ಲಿಲ್ಲ.”

“ಇದ್ದಾರೆ! ಬೇಕಾದಷ್ಟು ಜನ!”

“ಜೋರಾಗಿ ಹೇಳಿ ಮಾರಾಯ್ರೇ, ಈ ಕಿವಿಗೆ ಬರಲಿ.” ಅವರು ಕಿವಿಗೆ ಅಂಗೈ ಒಡ್ಡಿ ಅವನ ಮುಖದ ಹತ್ತಿರಕ್ಕೇ ಬಾಗಿದರು.

ಸುಳ್ಳನ್ನು ಮೆತ್ತಗೆ ಎಷ್ಟು ಸಲ ಬೇಕಾದರೂ ಹೇಳಬಹುದು. ಕೂಗಿ ಮೂರನೆಯ ಸಲ ಹೇಳುವುದು ಬಲು ಕಷ್ಟ. ಅವನು ಉಸಿರೆಳೆದುಕೊಂಡ. ಬಾಯಿಂದ ಹೊರಟದ್ದು ಬೇರೆಯೇ.

“ಇಲ್ಲಾ! ಯಾರೂ ಇಲ್ಲಾ!”

ಎದುರು ಮನೆಯ ಕಿಟಕಿ ತೆರೆಯಿತು. ಪಕ್ಕದ ಮಹಡಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರೊಬ್ಬರು ತಲೆಯೆತ್ತಿದರು. ಹಿತ್ತಲಿನಲ್ಲಿ ಹೆಂಡತಿ ಕೈಯಲ್ಲಿ ಒದ್ದೆ ಟವೆಲ್ ಹಿಡಿದು ಮೇಲೆ ನೋಡಿದಳು. ಯಾವತ್ತಿನ ಹಾಗೆ ಏನೋ ಚುಚ್ಚಿ ಅನ್ನಲು ಬಾಯಿ ತೆರೆದವಳು, ಅನ್ನದೆ, ಟವೆಲನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟಳು.

ಮಗಳು ಮಾತ್ರ ಕುಣಿದಳು. ಅಪ್ಪ ಮೇಲೆ, ಮೇಲಿರೋನ ಪಕ್ಕದ ಕುರ್ಚಿಯಲ್ಲಿ! ಕೇಳಿದ್ದು ಸಿಕ್ಕಿಬಿಟ್ಟಿತ್ತು. ಅವಳು ಕಣ್ಣುಮುಚ್ಚಿ, ಕೈಮುಗಿದು, ಮೇಲಿನವರ ಕಿವಿಗೆ ಮುಟ್ಟುವ ಹಾಗೆ ಕಿರುಚಿದಳು:

“ಮೇಲಿರೋನೇ, ಥ್ಯಾಂಕ್ಸ್! ಬೇಗ ಕಳಿಸ್ಬೇಡ! ಅಲ್ಲೇ ಇಟ್ಕೋ!”

“ಏನಂತೆ?” ಎಂದು ಮುದುಕರು ಅವನ ಕಡೆ ಕಿವಿ ತಿರುಗಿಸಿದರು. “ಏನೋ ಕೇಳ್ತಿದ್ದಾಳಲ್ಲ, ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಸ್ವಲ್ಪ ಹೇಳಿ.”

ಇಡೀ ಬೀದಿ ಕಾಯುತ್ತಿತ್ತು. ಕೊನೆಗೂ ಅವನನ್ನು ಒಬ್ಬರು ಏನೋ ಕೇಳಿದ್ದರು. ಉತ್ತರವೂ ಗೊತ್ತಿತ್ತು, ಚಿಕ್ಕದೂ ಆಗಿತ್ತು. ಅವನು ಎದ್ದು ನಿಂತು, ಎರಡೂ ಕೈಗಳನ್ನು ಬಾಯಿಗೆ ಒಡ್ಡಿ, ಗಂಟಲು ಹರಿಯುವಂತೆ ಕೂಗಿ ಹೇಳಿದ:

“ನನ್ನನ್ನ ಇಲ್ಲೇ ಇಟ್ಕೋಬೇಕಂತೆ!”